ಎರಡು ಸ್ಕ್ರೀನು, ಮೆನು ಒಂದ ಕಡೆ (ಭಾಗ 4)

ಲ್ಯಾಪ್‌ಟಾಪಿಗೆ ಇನ್ನೊಂದು ಮಾನಿಟರ್ ಜೋಡಿಸೀರೇನು? ಕೆಲಸ ಬಲಗಡೆ, ಟಾಸ್ಕ್‌ಬಾರ್ ಎಡಗಡೆ, ನಡುವ ಮೌಸ್ ಓಡಾಟ. ಮ್ಯಾಕ್‌ನ್ಯಾಗೂ 2013ರ ಮಾವೆರಿಕ್ಸ್ ಬರೋತನಕ ಮೇಲಿನ ಮೆನು ಪಟ್ಟಿ ಒಂದ ಸ್ಕ್ರೀನಿನ್ಯಾಗ ಇರತಿತ್ತು. ಕಣ್ಣು ಎಲ್ಲೋ ಮೆನು ಅಲ್ಲೇ ಇರಬೇಕು, ಇದು ನನ್ನ ವಾದ.

ಹೋದ ತಿಂಗಳು ಆಯಿನ ಕರಕೊಂಡು ಬೋರಗಾಂವದಿಂದ ಆಧಾರ್ ತಿದ್ದಿಸಾಕ ಹೋಗಿದ್ದೆ. ಪಾಸ್‌ಬುಕ್ಕಿಗೂ ಕಾರ್ಡಿಗೂ ಹೆಸರು ಕೂಡದ ಆಕಿ ಪಿಂಚಣಿ ನಿಂತಿತ್ತು. ಅಲ್ಲೂ ಎರಡು ಸ್ಕ್ರೀನು. ಒಂದು ಆಪರೇಟರ್ ಕಡೆ, ಇನ್ನೊಂದು ನಮ್ಮ ಕಡೆ. ಟೈಪ್ ಮಾಡಿದ್ದನ್ನ ನಾವೂ ಓದಿ ನೋಡ್ಲಿ ಅಂತನ ಯುಐಡಿಎಐ ಅದನ್ನ ಇಡಸ್ತದ. ಆದ್ರ ಮೆನು, ಮೌಸ್ ಎಲ್ಲಾ ಅವರ ಕಡೆನ.

ಇಂಗ್ಲಿಷ್ ಸಾಲು ನೋಡಿ ನಾನ "ಸರಿ ಐತ್ರೀ" ಅಂದೆ. ಆಯಿ ನಾಲ್ಕನೇತ್ತಾ ಕಲ್ತಾಕಿ. ಚಷ್ಮಾ ಏರಿಸಿ ಕನ್ನಡ ಸಾಲಿನ ಮ್ಯಾಲ ಬೆರಳಿಟ್ಟಳು.
"ಇಲ್ಲಿ ದೀರ್ಘ ಎಲ್ಲಿ ಹೋತೋ ತಮ್ಮಾ? ಹೆಸರು ನಂದೋ ನಿಂದೋ?"

ಇಂಗ್ಲಿಷಿನಿಂದ ತಾನ ಬಂದ ಕನ್ನಡ ಅದು. ನಾ ಓದಿರಲೇ ಇಲ್ಲ. ಆಪರೇಟರ್ ನಕ್ಕೋತ ತಿದ್ದಿದ್ರು. ನನಗ ಮಾತ್ರ ನಗು ಬರಲಿಲ್ಲ.

ನಿಮ್ಮ ಮನಿ ಕಂಪ್ಯೂಟರಿಗೆ ಉಪಾಯ ಐತಿ. ವಿಂಡೋಸ್ ಟಾಸ್ಕ್‌ಬಾರ್ ಸೆಟ್ಟಿಂಗ್‌ನ್ಯಾಗ ಎಲ್ಲಾ ಸ್ಕ್ರೀನಿಗೂ ತೋರ್ಸೋ ಆಯ್ಕೆಗೆ ಟಿಕ್ ಹಾಕ್ರಿ, ಮುಗೀತು. ಕೌಂಟರಿನ ಸ್ಕ್ರೀನಿಗೆ ಮೆನು ಬರೂದಿಲ್ಲ. ಅಲ್ಲಿ ಬಾಯಿ ಬಿಟ್ಟು ಹೇಳಬೇಕು. ಹೆಸರು ಯಾರದೋ ಅವರ ಮುಂದ ಸ್ಕ್ರೀನ್ ತಿರುಗಿಸ್ರಿ, ಅವರು ಓದೂತನಕ ತಡೀರಿ.

ಇವತ್ತ ಮನ್ಯಾಗಿನ ಹಿರೇರ ಕಾರ್ಡ್ ತಗೀರಿ. ಕನ್ನಡ ಸಾಲು ಅವರ ಕೈಲೇ ಓದಸ್ರಿ.