ಸಾಯದೆ ಉಳಿದ ಕಾರಿನ ಊರು

ದ್ರಾಕ್ಷಿತೋಟಗಳ ಗುಡ್ಡಗಳ ನಡುವೆ ಬಟ್ಟಲಿನಲ್ಲಿಟ್ಟಂತೆ ಕುಳಿತಿರುವ ಸ್ಟುಟ್‌ಗಾರ್ಟ್ ನಗರದಿಂದ ಉತ್ತರಕ್ಕೆ ಹೊರಟ ಲೋಕಲ್ ರೈಲು ಸ್ವಲ್ಪ ಹೊತ್ತಿನಲ್ಲಿಯೇ ನಾಯ್‌ವಿರ್ಟ್ಸ್‌ಹೌಸ್ ಎಂಬ ಪುಟ್ಟ ನಿಲ್ದಾಣದಲ್ಲಿ ನಿಲ್ಲುತ್ತದೆ. ಹೆಸರಿನ ಅರ್ಥ 'ಹೊಸ ಪಾನಗೃಹ'. ಆದರೆ ಅಲ್ಲಿ ಇಳಿಯುವ ಪ್ರವಾಸಿಗರಲ್ಲಿ ಪಾನಗೃಹವನ್ನು ಹುಡುಕುವವರು ವಿರಳ. ಹೊರಗೆ ಬಂದೊಡನೆ ಅವರ ಕತ್ತು ತಾನಾಗಿಯೇ ಮೇಲೇಳುತ್ತದೆ. ವೃತ್ತದ ನಡುವೆ ಬುಡದಲ್ಲಿ ದಪ್ಪವಾಗಿ, ತುದಿಯಲ್ಲಿ ಸಣ್ಣಗಾದ ಮೂರು ಬಿಳಿಯ ಕಂಬಗಳು ಇಪ್ಪತ್ತನಾಲ್ಕು ಮೀಟರ್ ಎತ್ತರಕ್ಕೆ ಬಾಗಿ ನಿಂತಿವೆ. ಒಂದೊಂದರ ತುದಿಗೂ ಒಂದೊಂದು ನಿಜವಾದ ಕಾರು, ಆಕಾಶಕ್ಕೆ ಎಸೆದಂತೆ ಅಂಟಿಕೊಂಡಿದೆ. 2015ರಲ್ಲಿ ಇದನ್ನು ರಚಿಸಿದ ಕಲಾವಿದ ಜೆರಿ ಜೂಡಾ ಹುಟ್ಟಿದ್ದು ಕಲ್ಕತ್ತೆಯಲ್ಲಿ.

ಕಂಬಗಳ ಮೇಲಿನ ಮೂರು ಕಾರುಗಳು ಮೂರು ಬೇರೆ ಬೇರೆ ಕಾಲದವು. ಆದರೂ ಕೆಳಗೆ ನಿಂತು ನೋಡುವವನಿಗೆ ಒಂದೇ ಮನೆತನದ ಅಜ್ಜ, ಮಗ, ಮೊಮ್ಮಗನನ್ನು ಸಾಲಾಗಿ ನಿಲ್ಲಿಸಿದಂತೆ ತೋರುತ್ತವೆ. ಹೆಗಲಿನಂತೆ ಉಬ್ಬಿದ ಮುಂಬದಿ, ದುಂಡನೆಯ ದೀಪಗಳು, ಹಿಂದಕ್ಕೆ ಇಳಿದು ಹೋಗುವ ಬೆನ್ನು ಮೂರರಲ್ಲಿಯೂ ಒಂದೇ. ಇವು ಪೋರ್ಷೆ ಕಂಪನಿಯ 911 ಎಂಬ ಕಾರುಗಳು. ಊರು ತ್ಸುಫೆನ್‌ಹೌಸೆನ್, ಸ್ಟುಟ್‌ಗಾರ್ಟಿನ ಒಂದು ಬಡಾವಣೆ, ಕಾರ್ಖಾನೆಗಳ ನೆಲೆ.

ಕನ್ನಡಿಗರಿಗೆ ಈ ಸೀಮೆ ತೀರ ಅಪರಿಚಿತವೆನ್ನುವಂತಿಲ್ಲ. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿ ಕನ್ನಡ ಪತ್ರಿಕೆಗಳಿಗೆ ನಾಂದಿ ಹಾಡಿದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಇದೇ ವುರ್ಟೆಂಬರ್ಗ್ ನಾಡಿನಲ್ಲಿ. ಕಾಲವಾದದ್ದು ಸ್ಟುಟ್‌ಗಾರ್ಟಿನ ನೆರೆಯ ಎಸ್ಲಿಂಗೆನ್ನಿನಲ್ಲಿ. ತ್ಸುಫೆನ್‌ಹೌಸೆನ್ನಿಗೆ ಬರುವ ಮೊದಲು ರೈಲು ಹಾಯುವ ಫೊಯರ್‌ಬಾಖ್‌ನಲ್ಲಿ ಬಾಷ್ ಕಂಪನಿಯ ಕಾರ್ಖಾನೆಯುಂಟು. ಬೆಂಗಳೂರಿನ ಆಡುಗೋಡಿಯಲ್ಲಿ ಜನರ ಬಾಯಲ್ಲಿ ಬಹುಕಾಲ 'ಮೈಕೋ' ಎಂದು ನೆಲೆನಿಂತದ್ದು ಆ ಕಂಪನಿಯ ಬಳಗವೇ. ಇಲ್ಲಿಯ ಶ್ವಾಬಿಯನ್ ಜನರ ಕೈಬಿಗಿಯನ್ನು ಕುರಿತು ಜರ್ಮನಿಯ ಇತರ ಭಾಗದವರು ನಗೆಚಾಟಿಕೆ ಮಾಡುವುದುಂಟು. ಇದ್ದುದನ್ನು ಎಸೆಯದೆ ತಿದ್ದಿ ತಿದ್ದಿ ಬಳಸುವ ಅವರ ಗುಣ ಈ ಕಾರಿನ ಚರಿತ್ರೆಯಲ್ಲಿಯೂ ಇಳಿದುಬಂದಿದೆಯೆಂದು ತೋರುತ್ತದೆ.

ಕಂಪನಿಯ ಹಳೆಯ ಇಟ್ಟಿಗೆಯ ಕಟ್ಟಡ 1938ರದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಾಂಬಿನ ದಾಳಿಗೆ ಅಂಜಿ ಕೆಲಸಗಾರರು ಆಸ್ಟ್ರಿಯಾದ ಗ್ಮುಂಡ್ ಎಂಬ ಬೆಟ್ಟದೂರಿಗೆ ತೆರಳಿದರು. ಅಲ್ಲಿ ಒಂದು ಹಳೆಯ ಮರಕೊಯ್ಯುವ ಕಾರ್ಖಾನೆಯಲ್ಲಿ 1948ರಲ್ಲಿ ಪೋರ್ಷೆ ಹೆಸರನ್ನು ಹೊತ್ತ ಮೊದಲ ಕಾರು, 356, ಸಿದ್ಧವಾಯಿತು. ಯುದ್ಧಾನಂತರ ತ್ಸುಫೆನ್‌ಹೌಸೆನ್ನಿನ ಕಟ್ಟಡದಲ್ಲಿ ಅಮೆರಿಕದ ಸೈನ್ಯ ತನ್ನ ವಾಹನಗಳನ್ನು ರಿಪೇರಿ ಮಾಡುತ್ತಿತ್ತು. 1950ರಲ್ಲಿ ಊರಿಗೆ ಹಿಂದಿರುಗಿದ ಕಂಪನಿ ಆರಂಭದಲ್ಲಿ ನೆರೆಯ ರಾಯ್ಟರ್ ಎಂಬ ಮೈಕಟ್ಟುವ ಕಾರ್ಖಾನೆಯ ಆಶ್ರಯದಲ್ಲಿ ಕೆಲಸ ಸಾಗಿಸಿತು.

356ಕ್ಕೆ ಉತ್ತರಾಧಿಕಾರಿ ಬೇಕಾದಾಗ ಸಂಸ್ಥಾಪಕನ ಮೊಮ್ಮಗ ಫರ್ಡಿನಂಡ್ ಅಲೆಕ್ಸಾಂಡರ್ ಪೋರ್ಷೆ ಅದರ ರೂಪವನ್ನು ಬರೆದ. 1963ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ಅದು 901 ಎಂಬ ಅಂಕಿತದಿಂದ ಕಾಣಿಸಿಕೊಂಡಿತು. ಮಧ್ಯದಲ್ಲಿ ಸೊನ್ನೆಯುಳ್ಳ ಮೂರಂಕಿಯ ಹೆಸರುಗಳು ಫ್ರಾನ್ಸಿನಲ್ಲಿ ತನ್ನ ಸ್ವತ್ತೆಂದು ಪ್ಯೂಜೊ ಕಂಪನಿ ಆಕ್ಷೇಪಿಸಿತು. ಸೊನ್ನೆಯನ್ನು ತೆಗೆದು ಒಂದನ್ನು ಇಟ್ಟರು. ಜಗತ್ಪ್ರಸಿದ್ಧವಾದ ಹೆಸರು ಹೀಗೆ ಒಂದು ತಗಾದೆಯಿಂದ ಹುಟ್ಟಿತು. ಎರಡು ಲೀಟರಿನ, ಆರು ಸಿಲಿಂಡರುಗಳ, ಗಾಳಿಯಿಂದಲೇ ತಂಪಾಗುವ ಎಂಜಿನ್ನು, 130 ಅಶ್ವಶಕ್ತಿ, 1,080 ಕಿಲೋಗ್ರಾಮಿನಷ್ಟು ತೂಕ.

ಆದರೆ ಈ ಚೆಲುವಿಗೆ ಹುಟ್ಟಿನಿಂದಲೇ ಬಂದ ಒಂದು ದೋಷವಿತ್ತು. ಎಂಜಿನ್ನು ಹಿಂದಿನ ಗಾಲಿಗಳ ಅಚ್ಚಿಗಿಂತಲೂ ಆಚೆ, ಬಾಲದಲ್ಲಿ ತೂಗುತ್ತಿತ್ತು. ಎತ್ತಿನ ಗಾಡಿಯಲ್ಲಿ ಹೇರು ಹಿಂದಕ್ಕೆ ಬಿದ್ದರೆ ಮೂಕಿ ಮೇಲೇಳುವುದನ್ನು ಹಳ್ಳಿಯ ಹುಡುಗನೂ ಬಲ್ಲ. ವೇಗವಾಗಿ ಹೋಗುವ ಕಾರಿನಲ್ಲಿ ಪರಿಣಾಮ ಬೇರೆ ರೀತಿಯದು. ತಿರುವಿನಲ್ಲಿ ಚಾಲಕ ಹೆದರಿ ಥಟ್ಟನೆ ವೇಗ ತಗ್ಗಿಸಿದರೆ ಬಾಲ ಹೊರಕ್ಕೆ ಬೀಸಿ ಕಾರು ತಿರುಗಿ ನಿಲ್ಲುತ್ತಿತ್ತು. ಇದಕ್ಕೆ ಕಂಪನಿ ಮೊದಲು ಹುಡುಕಿದ ಮದ್ದು ನಗು ಬರಿಸುವಂತಹುದು. ಮುಂದಿನ ಬಂಪರಿನೊಳಗೆ, ಎರಡು ಮೂಲೆಗಳಲ್ಲಿ, ತಲಾ ಹನ್ನೊಂದು ಕಿಲೋಗ್ರಾಮಿನ ಎರಕದ ಕಬ್ಬಿಣವನ್ನು ಕೂಡಿಸಿದರು! ಹಗುರವಾಗಿರಬೇಕಾದ ಪಂದ್ಯದ ಕುದುರೆಗೆ ಕಲ್ಲು ಕಟ್ಟಿದ ಹಾಗೆ.

ನಿಜವಾದ ಚಿಕಿತ್ಸೆ ನಡೆದದ್ದು 1969ರ ಮಾದರಿಯಲ್ಲಿ. ಎಂಜಿನ್ನನ್ನು ಇದ್ದಲ್ಲಿಯೇ ಬಿಟ್ಟು, ಹಿಂದಿನ ಗಾಲಿಗಳನ್ನೇ 57 ಮಿಲಿಮೀಟರಿನಷ್ಟು ಹಿಂದಕ್ಕೆ ಸರಿಸಿದರು. ಗಾಲಿಗಳ ನಡುವಣ ಅಂತರ 2,211 ಮಿಲಿಮೀಟರಿನಿಂದ 2,268ಕ್ಕೆ ಏರಿತು. ಒಂದು ದೊಡ್ಡ ಬ್ಯಾಟರಿಯ ಬದಲು ಎರಡು ಚಿಕ್ಕವನ್ನು ಮುಂಬದಿಯ ಎರಡು ಮೂಲೆಗಳಲ್ಲಿಟ್ಟರು. ಕಬ್ಬಿಣದ ಗುಂಡುಗಳ ಕೆಲಸವನ್ನು ಉಪಯೋಗಕ್ಕೆ ಬರುವ ವಸ್ತುವೇ ಮಾಡತೊಡಗಿತು. ದಾರಿಹೋಕನಿಗೆ ವ್ಯತ್ಯಾಸ ತಿಳಿಯುವಂತೆಯೇ ಇಲ್ಲ. ಗಾಲಿಯ ಮೇಲಿನ ಕಮಾನು ಎರಡು ಬೆರಳು ಸರಿದಿದೆಯಷ್ಟೆ. ಆದರೆ ಸಾಲಿನಲ್ಲಿ ನಿಂತ ಎಲ್ಲ ಮಾದರಿಗಳಲ್ಲಿ ಇದಕ್ಕಿಂತ ಮುಖ್ಯವಾದ ಬದಲಾವಣೆ ಮತ್ತೊಂದಿರಲಾರದು. ದೋಷವನ್ನು ಕಿತ್ತೆಸೆದರೆ ಕಾರಿನ ಸ್ವಭಾವವೇ ಹೋಗುತ್ತದೆ, ಹಾಗೆಯೇ ಬಿಟ್ಟರೆ ಚಾಲಕನ ಪ್ರಾಣ ಹೋಗುತ್ತದೆ. ಈ ಇಕ್ಕಟ್ಟಿನ ನಡುವೆಯೇ ತ್ಸುಫೆನ್‌ಹೌಸೆನ್ನಿನ ಇಂಜಿನಿಯರುಗಳು ಆರು ದಶಕ ಕಳೆದಿದ್ದಾರೆ.

ಎಲ್ಲ ತಿದ್ದುಪಡಿಗಳೂ ಜಾಣತನದವಲ್ಲ. 1972ರ ಮಾದರಿಯಲ್ಲಿ ಎಣ್ಣೆಯ ತೊಟ್ಟಿಯನ್ನು ಮುಂದಕ್ಕೆ ಸರಿಸಿ, ಎಣ್ಣೆ ಹೊಯ್ಯಲು ಬಲಬಾಗಿಲಿನ ಹಿಂದೆ ಹೊರಗಿನಿಂದಲೇ ತೆರೆಯುವ ಮುಚ್ಚಳವಿಟ್ಟರು. ಪೆಟ್ರೋಲು ಬಂಕಿನ ಹುಡುಗರು ಅದೇ ಪೆಟ್ರೋಲಿನ ಬಾಯಿ ಎಂದು ಭಾವಿಸಿ ಅಲ್ಲಿಗೇ ಪೆಟ್ರೋಲು ತುಂಬಿದ ಪ್ರಸಂಗಗಳು ನಡೆದವು. ಮರುವರ್ಷವೇ ಮುಚ್ಚಳ ಮಾಯವಾಯಿತು. ಆ ಒಂದು ವರ್ಷದ ಕಾರನ್ನು ಗುರುತಿಸಲು ಸಂಗ್ರಾಹಕರು ಇಂದು ಹುಡುಕುವುದು ಆ ಮುಚ್ಚಳವನ್ನೇ. 1973ರಲ್ಲಿ, ಗಂಟೆಗೆ ಐದು ಮೈಲಿಯ ಡಿಕ್ಕಿಗೆ ಜಗ್ಗದ ಬಂಪರು ಬೇಕೆಂಬ ಅಮೆರಿಕದ ಕಾನೂನಿಗೆ ಮಣಿದು, ಹಾರ್ಮೋನಿಯಮ್ಮಿನ ತಿದಿಯಂತೆ ಮಡಿಕೆ ಮಡಿಕೆಯಾದ ರಬ್ಬರನ್ನು ಬಂಪರಿನ ಅಂಚಿಗೆ ಕೊಟ್ಟರು. 1974ರಲ್ಲಿ 260 ಅಶ್ವಶಕ್ತಿಯ ಟರ್ಬೊ ಬಂದಿತು. ಅದಾದ ಮೇಲೆ ಮೈಯ ಉಕ್ಕಿಗೆ ಸತುವಿನ ಲೇಪವಾಯಿತು. ತುಕ್ಕಿನ ಭಯ ತಗ್ಗಿತು.

ಇಷ್ಟರಲ್ಲಿ ಕಾರಿಗೆ ಮರಣದಂಡನೆಯ ತೀರ್ಪು ಸಿದ್ಧವಾಗುತ್ತಿತ್ತು. ಬಾಲದಲ್ಲಿ ಎಂಜಿನ್ನುಳ್ಳ, ಗಾಳಿಯಿಂದ ತಂಪಾಗುವ ಕಾರಿಗೆ ಮುಂದೆ ಹೊಗೆ, ಸದ್ದು, ಸುರಕ್ಷತೆಗಳ ಕಾನೂನುಗಳಲ್ಲಿ ಎಡೆ ದೊರೆಯಲಾರದೆಂದು ಅಂದಿನ ಮುಖ್ಯಸ್ಥ ಅರ್ನ್‌ಸ್ಟ್ ಫೂರ್ಮನ್ನನ ಎಣಿಕೆ. 1977ರಲ್ಲಿ ಮುಂಬದಿಯಲ್ಲಿ ನೀರಿನಿಂದ ತಂಪಾಗುವ ಎಂಟು ಸಿಲಿಂಡರಿನ ಎಂಜಿನ್ನುಳ್ಳ 928 ಹೊರಬಂದಿತು. ಮರುವರ್ಷ 'ಯುರೋಪಿನ ವರ್ಷದ ಕಾರು' ಎಂಬ ಪ್ರಶಸ್ತಿಯನ್ನೂ ಪಡೆಯಿತು. ಹಿರಿಯನನ್ನು ಮನೆಯ ಮೂಲೆಗೆ ಸೇರಿಸುವುದೊಂದೇ ಬಾಕಿ. ಫೂರ್ಮನ್ ದಡ್ಡನಲ್ಲ, ಟರ್ಬೊವನ್ನು ರಸ್ತೆಗೆ ತಂದ ಸಾಹಸಿಯೇ ಆತ. ಅವನ ತರ್ಕದಲ್ಲಿ ತಪ್ಪು ಹುಡುಕುವುದು ಇಂದಿಗೂ ಸುಲಭವಲ್ಲ.

1981ರ ಆರಂಭದಲ್ಲಿ ಪೀಟರ್ ಷುಟ್ಸ್ ಮುಖ್ಯಸ್ಥನಾಗಿ ಬಂದ. ಬರ್ಲಿನ್ನಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕಕ್ಕೆ ವಲಸೆ ಹೋದ ಮನುಷ್ಯ. ಮುಂದೆ ಆತನೇ ಹೇಳಿಕೊಂಡಂತೆ, ಒಂದು ದಿನ ಮುಖ್ಯ ಇಂಜಿನಿಯರ್ ಹೆಲ್ಮುಟ್ ಬಾಟ್‌ನ ಕೊಠಡಿಗೆ ಹೋದಾಗ ಗೋಡೆಯ ಮೇಲೆ ಒಂದು ನಕ್ಷೆ ಕಂಡಿತು. 944 ಮತ್ತು 928 ಕಾರುಗಳ ಗೆರೆಗಳು ಮುಂದಿನ ವರ್ಷಗಳಿಗೆ ನಡೆದಿದ್ದವು. 911ರ ಗೆರೆ ಮಾತ್ರ 1981ಕ್ಕೆ ನಿಂತಿತ್ತು. ಷುಟ್ಸ್ ಮೇಜಿನ ಮೇಲಿದ್ದ ದಪ್ಪ ಪೆನ್ನನ್ನು ತೆಗೆದುಕೊಂಡು ಆ ಗೆರೆಯನ್ನು ನಕ್ಷೆಯ ಅಂಚಿನವರೆಗೆ ಎಳೆದ. ಕಾಗದ ಮುಗಿದ ಮೇಲೆಯೂ ಬಿಡದೆ ಗೋಡೆಯ ಮೇಲೆ ಎಳೆದುಕೊಂಡು ಹೋದ. ಹಿಂದಿರುಗಿ ನೋಡಿದಾಗ ಬಾಟ್‌ನ ಮುಖದಲ್ಲಿ ನಗೆಯಿತ್ತಂತೆ. 1982ರಲ್ಲಿ ತೆರೆದ ಮಾಡಿನ 911, ಮರುವರ್ಷ 231 ಅಶ್ವಶಕ್ತಿಯ ಎಂಜಿನ್ನು ಬಂದವು. ಉತ್ತರಾಧಿಕಾರಿಯೆನಿಸಿದ್ದ 928ರ ತಯಾರಿಕೆ 1995ರಲ್ಲಿ ನಿಂತುಹೋಯಿತು.

ಆದರೆ ಗೋಡೆಯ ಮೇಲಿನ ಗೆರೆ ಸಂಬಳ ಕೊಡಲಾರದು. 1990ರ ದಶಕದ ಆದಿಯಲ್ಲಿ ಮಾರಾಟ ಕುಸಿದು ಕಂಪನಿ ದಿವಾಳಿಯ ಅಂಚಿಗೆ ಬಂದಿತು. ತ್ಸುಫೆನ್‌ಹೌಸೆನ್ನಿನ ಮನೆಮನೆಗಳಲ್ಲಿ ಕೆಲಸ ಹೋಗುವ ಚಿಂತೆ. ಹೊಸ ಮುಖ್ಯಸ್ಥ ವೆಂಡೆಲಿನ್ ವೀಡೆಕಿಂಗ್ ಜಪಾನಿನಿಂದ ಉತ್ಪಾದನಾ ತಜ್ಞರನ್ನು ಕರೆಸಿ, ದಾಸ್ತಾನಿನ ಕಪಾಟುಗಳನ್ನು ತಗ್ಗಿಸಿ, ಕೆಲಸದ ಕ್ರಮವನ್ನೇ ಬದಲಿಸಿದ. 1997ರಲ್ಲಿ ಬಂದ ಹೊಸ 911ರ (ಒಳಹೆಸರು 996) ಎಂಜಿನ್ನನ್ನು ತಂಪಾಗಿಡುವುದು ಗಾಳಿಯಲ್ಲ, ನೀರು. ಒಂದೊಂದು ಸಿಲಿಂಡರಿಗೂ ನಾಲ್ಕು ಕವಾಟಗಳನ್ನಿಟ್ಟು, ಹೊಗೆಯನ್ನೂ ಸದ್ದನ್ನೂ ತಗ್ಗಿಸಬೇಕಾದರೆ ಗಾಳಿ ಸಾಲದಾಗಿತ್ತು. ಖರ್ಚನ್ನು ಉಳಿಸಲು ಬಾಗಿಲುಗಳನ್ನೂ ದೀಪಗಳನ್ನೂ ಮುಂಬದಿಯನ್ನೂ ಅಗ್ಗದ ಬಾಕ್ಸ್‌ಟರ್ ಕಾರಿನೊಡನೆ ಹಂಚಿಕೊಂಡರು. ದುಂಡು ದೀಪ ಹೋಗಿ, ಕೆಳಗೆ ಹರಿದಂತಹ ಆಕಾರ ಬಂದಿತು. ಅಭಿಮಾನಿಗಳು ಅದಕ್ಕೆ 'ಹುರಿದ ಮೊಟ್ಟೆ' ಎಂದು ಹೆಸರಿಟ್ಟು ಹಳಿದರು. ಅವರ ದುಃಖ ಸುಳ್ಳಲ್ಲ. ಆದರೂ ನ್ಯಾಯವಾಗಿ ಹೇಳುವುದಾದರೆ, ಊರಿನ ಅನ್ನವನ್ನು ಉಳಿಸಿದ ಕಾರುಗಳು ಬಾಕ್ಸ್‌ಟರ್ ಮತ್ತು ಆ ಕುರೂಪಿಯೆನಿಸಿಕೊಂಡ ಮೊಟ್ಟೆಗಣ್ಣಿನದೇ. 2004ರ ಮಾದರಿಯಲ್ಲಿ ದುಂಡು ದೀಪಗಳು ಮರಳಿ ಬಂದವು.

ಇಂದು ವೃತ್ತದ ಪಕ್ಕದಲ್ಲಿ 2009ರಲ್ಲಿ ತೆರೆದ ವಸ್ತುಸಂಗ್ರಹಾಲಯವು ಮೂರೇ ಕಾಂಕ್ರೀಟು ಆಧಾರಗಳ ಮೇಲೆ ನೆಲಬಿಟ್ಟೆದ್ದು ನಿಂತಿದೆ. ಒಳಗೆ ಹಳೆಯದರ ಬಳಿಯಲ್ಲಿ ಹೊಸದನ್ನು ಕಂಡಾಗ ಮಾತ್ರ ಕಂಬಗಳು ಹೇಳದ ಸತ್ಯ ಹೊರಬೀಳುತ್ತದೆ. ಮೊದಲ 911ರ ಉದ್ದ 4,163 ಮಿಲಿಮೀಟರು, ಅಗಲ 1,610. 2018ರ ಕೊನೆಗೆ ಪ್ರಕಟವಾದ 992ರ ಉದ್ದ 4,519, ಅಗಲ 1,852. ತೂಕ ಒಂದೂವರೆ ಟನ್ನಿನಷ್ಟು. ಅಜ್ಜನ ಅಂಗಿ ಮೊಮ್ಮಗನ ತೋಳಿಗೂ ಸಾಲದು. 2017ರ ಮೇ ತಿಂಗಳಲ್ಲಿ ಹತ್ತು ಲಕ್ಷದ 911, ಐರಿಷ್ ಹಸಿರು ಬಣ್ಣದ್ದು, ಇದೇ ಊರಿನಲ್ಲಿ ಸಿದ್ಧವಾಯಿತು. 2024ರ ಒಂದು ಮಾದರಿಯಲ್ಲಿ ಎಂಜಿನ್ನಿಗೆ ವಿದ್ಯುತ್ತಿನ ನೆರವೂ ಸೇರಿತು. ಅದರ ಬ್ಯಾಟರಿಯನ್ನು ಇಟ್ಟಿರುವುದು ಮುಂಬದಿಯಲ್ಲಿ.

ಬ್ರಾಂಡೆನ್‌ಬರ್ಗ್ ಪ್ರಾಂತದ ಒಂದು ಕೊಟ್ಟಿಗೆಯಲ್ಲಿ 2014ರಲ್ಲಿ ದೊರೆತ ಕೆಂಪು ಕಾರೊಂದು ಈಗ ಸಂಗ್ರಹಾಲಯದ ಸ್ವತ್ತು. ಹೆಸರು ಬದಲಾಗುವ ಮೊದಲು, 1964ರಲ್ಲಿ, 901 ಎಂದೇ ತಯಾರಾದ ಐವತ್ತೇಳನೆಯ ಕಾರು ಅದು. ಸಿಕ್ಕಾಗ ಅದು ತುಕ್ಕು ತಿಂದಿತ್ತು. ಮುಂದಿನ ಗಾಲಿಗಳ ಮೇಲಿನ ತಗಡುಗಳು ಇರಲೇ ಇಲ್ಲ. ಹೊಸದಾಗಿ ಬಡಿದು ಮಾಡುವುದು ಕುಶಲರಿಗೆ ಕಷ್ಟವಾಗಿರಲಿಲ್ಲ. ಆದರೆ ಅವರು ಅದೇ ಕಾಲದ ಮತ್ತೊಂದು ಕಾರಿನ ಮೈಯಿಂದ ಭಾಗಗಳನ್ನು ತೆಗೆದು ಇದಕ್ಕೆ ಕೂಡಿಸಿದರು. ಮೂರು ವರ್ಷಗಳ ದುಡಿಮೆಯ ನಂತರ, 2017ರ ಡಿಸೆಂಬರಿನಲ್ಲಿ ಅದನ್ನು ಜನರಿಗೆ ತೋರಿಸಿದಾಗ ಎಂಜಿನ್ನು ಮತ್ತೆ ಓಡುವ ಸ್ಥಿತಿಯಲ್ಲಿತ್ತು.