ಒಪ್ಪಿಕೊಂಡ ತಪ್ಪು

ಕೆಲವು ವರ್ಷಗಳ ಹಿಂದಿನ ಮಾತು. ಶಿವಪೂಜೆ ಮುಗಿಸಿ ಪ್ರಸಾದಕ್ಕೆ ಕುಳಿತಿದ್ದೆವು. ಅಮೆರಿಕದಲ್ಲಿ ನೆಲೆಸಿರುವ ಶರಣ ಬಂಧುವೊಬ್ಬರ ದೂರವಾಣಿ ಕರೆ ಬಂದಿತು. ಅವರ ಮಗ, ಇಪ್ಪತ್ತೆರಡರ ತರುಣ, ಅಲ್ಲಿಯ ಪೌರತ್ವ ಇನ್ನೂ ಪಡೆಯದವನು, ಮಾದಕ ಗುಳಿಗೆಗಳೊಡನೆ ಸಿಕ್ಕಿಬಿದ್ದಿದ್ದ. ಮೊದಲನೆಯ ತಪ್ಪೇ ಆದರೂ ಅಲ್ಲಿಯ ಕಾನೂನಿನಂತೆ ಅದು 'ಫೆಲನಿ', ಅಂದರೆ ಒಂದು ವರ್ಷಕ್ಕೂ ಮಿಕ್ಕಿದ ಸೆರೆವಾಸ ವಿಧಿಸಬಹುದಾದ ಘೋರಾಪರಾಧ.

"ತಪ್ಪೊಪ್ಪಿಕೊಂಡರೆ ಸೆರೆಮನೆ ಇಲ್ಲವಂತೆ. ಚಿಕಿತ್ಸೆ ಪಡೆದು ಒಂದು ವರ್ಷ ಸರಿಯಾಗಿ ನಡೆದುಕೊಂಡರೆ ಮೊಕದ್ದಮೆಯನ್ನೇ ವಜಾ ಮಾಡುವರಂತೆ. ಏನು ಮಾಡಲಿ, ಗುರುಗಳೇ?"

"ಸತ್ಯ ನುಡಿಯಲು ಅಂಜಿಕೆ ಏಕೆ? ಒಪ್ಪಿಕೊಳ್ಳಲಿ" ಎಂದುಬಿಟ್ಟೆವು.

ಹಾಗೆ ನುಡಿಸಿದ್ದು ಮಠದ ಸಂಸ್ಕಾರ. ಬಾಲ್ಯದಲ್ಲಿ ಉಗ್ರಾಣದ ಬೆಲ್ಲ ಕದ್ದು ತಿಂದು ಗುರುಗಳ ಮುಂದೆ ಒಪ್ಪಿಕೊಂಡಾಗ, ಎಂಟು ದಿನ ದನದ ಕೊಟ್ಟಿಗೆ ಗುಡಿಸುವ ಕಾಯಕ ಕೊಟ್ಟರು. ಒಂಬತ್ತನೆಯ ದಿನ ಆ ಮಾತನ್ನು ಯಾರೂ ಎತ್ತಲಿಲ್ಲ. (ಉಗ್ರಾಣಕ್ಕೆ ಹೊಸ ಬೀಗವೇನೋ ಬಿದ್ದಿತು.)

ಅಮೆರಿಕದ ರೀತಿ ಬೇರೆಯೆಂದು ನಾಲ್ಕು ದಿನಗಳ ಮೇಲೆ ತಿಳಿಸಿದವರು, ನ್ಯಾಯವಾದಿಗಳಾದ ನಮ್ಮ ಶಿಷ್ಯರೊಬ್ಬರು. ಸರಕಾರಿ ವಕೀಲರೊಡನೆ ಆರೋಪಿ ಮಾಡಿಕೊಳ್ಳುವ ಈ ಒಪ್ಪಂದಕ್ಕೆ 'ಪ್ಲೀ ಬಾರ್ಗೇನ್' ಎಂದು ಹೆಸರು. ಅಪರಾಧ ನಿರ್ಣಯಗಳ ಪೈಕಿ ಫೆಡರಲ್ ನ್ಯಾಯಾಲಯಗಳಲ್ಲಿ ನೂರಕ್ಕೆ 97, ರಾಜ್ಯಗಳಲ್ಲಿ 94 ತಪ್ಪೊಪ್ಪಿಗೆಯಿಂದಲೇ ಆಗುತ್ತವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವೇ 2012ರಲ್ಲಿ ಹೇಳಿದೆ. ಮೊಕದ್ದಮೆ ಮುಂದೆ ವಜಾ ಆದರೂ, ತಪ್ಪೊಪ್ಪಿಗೆಯೊಡನೆ ದಂಡವೋ ನಿರ್ಬಂಧವೋ ಸೇರಿದ್ದರೆ ವಲಸೆ ಕಾನೂನು ಅದನ್ನು ಅಪರಾಧ ನಿರ್ಣಯವೆಂದೇ ಎಣಿಸುತ್ತದೆ. ಪೌರನಲ್ಲದವನನ್ನು ಮಾದಕ ವಸ್ತುವಿನ ಒಂದೇ ಅಪರಾಧಕ್ಕಾಗಿ ಗಡೀಪಾರು ಮಾಡಬಹುದು. ಸ್ವಂತ ಸೇವನೆಗೆಂದು 30 ಗ್ರಾಮ್ ಮೀರದ ಗಾಂಜಾ ಇಟ್ಟುಕೊಂಡ ಒಂದು ಪ್ರಸಂಗಕ್ಕಷ್ಟೇ ವಿನಾಯಿತಿ.

ಹೋಂಡುರಾಸ್‌ನಲ್ಲಿ ಹುಟ್ಟಿ 40 ವರ್ಷಕ್ಕೂ ಮೇಲ್ಪಟ್ಟು ಅಮೆರಿಕದಲ್ಲಿ ಬಾಳಿದ, ವಿಯೆಟ್ನಾಂ ಯುದ್ಧಕಾಲದಲ್ಲಿ ಆ ದೇಶದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಪಡಿಲ್ಲಾ ಎಂಬಾತ ಗಾಂಜಾ ಸಾಗಣೆಯ ಪ್ರಕರಣದಲ್ಲಿ ಸಿಲುಕಿದ. 'ಇಷ್ಟು ಕಾಲ ಇದ್ದವನಿಗೆ ಆ ಚಿಂತೆ ಬೇಡ' ಎಂಬ ವಕೀಲನ ಮಾತನ್ನು ನಂಬಿ ತಪ್ಪೊಪ್ಪಿಕೊಂಡ. ಗಡೀಪಾರಿನ ಭೀತಿ ಎದುರಾಯಿತು. ಗಡೀಪಾರಿನ ಅಪಾಯವನ್ನು ಕಕ್ಷಿದಾರನಿಗೆ ತಿಳಿಸುವುದು ವಕೀಲನ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಆತನ ಪ್ರಕರಣದಲ್ಲಿಯೇ ತೀರ್ಪಿತ್ತಿತು. ಆ ವಕೀಲನಿಗೂ ನಮಗೂ ಏನು ಅಂತರ? ಆತ ಕಾನೂನನ್ನಾದರೂ ಓದಿದ್ದ.

ಆ ರಾತ್ರಿಯೇ ಕರೆ ಮಾಡಿದೆವು. ಹುಡುಗ ಸಹಿ ಹಾಕಿರಲಿಲ್ಲ. ತಪ್ಪನ್ನು ಮುಚ್ಚಿಡೆನ್ನುವವರು ನಾವಲ್ಲ. ಆದರೆ ಸಹಿಗೆ ಮುನ್ನ ವಲಸೆ ಕಾನೂನು ಬಲ್ಲವರನ್ನು ಕಾಣಿರೆಂದು ಬೇಡಿಕೊಂಡೆವು. ಮೊದಲ ಸಲ ಸಿಕ್ಕಿಬಿದ್ದವರನ್ನು ತಪ್ಪೊಪ್ಪಿಗೆ ಕೇಳದೆಯೇ ಚಿಕಿತ್ಸೆಗೂ ಮೇಲ್ವಿಚಾರಣೆಗೂ ಕಳುಹಿಸುವ ವ್ಯವಸ್ಥೆ ಕೆಲವು ರಾಜ್ಯಗಳಲ್ಲಿ ಉಂಟು. ಹೊಸ ವಕೀಲರು ಆ ದಾರಿ ಹಿಡಿದರು. ಹುಡುಗ ಚಿಕಿತ್ಸೆಯನ್ನು ಪೂರ್ತಿ ಮಾಡಿದ.

ಕಳೆದ ಶ್ರಾವಣದಲ್ಲಿ ತಾಯಿಯೊಡನೆ ಬಂದು ನಮಸ್ಕರಿಸಿದ. ನಾವು ಮೊದಲು ಕೊಟ್ಟ ಸಲಹೆಯನ್ನು ಮನೆಯವರು ಅವನಿಗೆ ಹೇಳಿರಲಿಲ್ಲ. ನಾವೇ ಹೇಳಿದೆವು.