ಟ್ರಂಕಿನಲ್ಲಿ ಉಳಿದ ಡಿಂಗ

ನಿವೃತ್ತಿಗೆ ಇನ್ನೆರಡು ವರ್ಷವಿದೆ. ಈಗಿನಿಂದಲೇ ಹಳೆಯ ಕಾಗದ ಪತ್ರ ವಿಂಗಡಿಸಿಡೋಣವೆಂದು ಮೊನ್ನೆ ಭಾನುವಾರ ಅಟ್ಟದ ಟ್ರಂಕು ಇಳಿಸಿದೆ. ಬಿ.ಎಡ್. ಪಾಠಯೋಜನೆಗಳು, ವರ್ಗಾವಣೆ ಆದೇಶಗಳು, ಶಕ್ತಿ ಕಳೆದುಕೊಂಡ ಒಂದು ದಂಡಕಾಂತ, ಇವುಗಳ ತಳದಲ್ಲಿ ಹೊದಿಕೆ ಹರಿದ ಒಂದು ‘ಬಾಲಮಂಗಳ’ ಸಿಕ್ಕಿತು. ಪುಟದ ಅಂಚಿನಲ್ಲೆಲ್ಲ ಪೆನ್ಸಿಲಿನಿಂದ ಬರೆದ ಡಿಂಗ. ಹಾರುವ ಡಿಂಗ, ಗುದ್ದುವ ಡಿಂಗ, ಬೆನ್ನು ತಿರುಗಿಸಿ ನಿಂತ ಡಿಂಗ.

ಈಗಿನ ಮಕ್ಕಳಿಗೆ ಡಿಂಗನ ಪರಿಚಯ ಕಡಿಮೆ. ಅವನೊಂದು ಇಲಿ, ಅನ್ಯಗ್ರಹದವರ ಕೈಗೆ ಸಿಕ್ಕಿ ಅಸಾಧ್ಯ ಬಲ ಪಡೆದು ಬಂದವನು. ತೊಂಬತ್ತರ ದಶಕದಲ್ಲಿ ಅವನ ಅಭಿಮಾನಿಗಳು ನನ್ನ ತರಗತಿಯ ಪ್ರತಿ ಬೆಂಚಿನಲ್ಲೂ ಇದ್ದರು. ಈ ಪ್ರತಿಯ ಒಡೆಯನೂ ಅಂಥ ಒಬ್ಬ ಹುಡುಗ. 1996ರಲ್ಲಿ ಗುಂಡ್ಲುಪೇಟೆ ಕಡೆಯ ಒಂದು ಪ್ರೌಢಶಾಲೆಯಲ್ಲಿ ನ್ಯೂಟನ್ನನ ಮೂರನೆಯ ನಿಯಮ ಹೇಳುತ್ತಿದ್ದಾಗ ಅವನ ವಿಜ್ಞಾನ ಪುಸ್ತಕದ ಒಳಗಿನಿಂದ ಇದನ್ನು ಎಳೆದುಕೊಂಡವನು ನಾನೇ.

“ಯಾವುದನ್ನೂ ಹಿಂದಕ್ಕೆ ತಳ್ಳದೆ ಈ ಇಲಿ ಮೇಲಕ್ಕೆ ಹೇಗೋ ಹಾರುತ್ತೆ?” ಎಂದು ಕೇಳಿದೆ. ತರಗತಿ ನಕ್ಕಿತು. ಹುಡುಗ ನಗಲಿಲ್ಲ.

ಹಾಗೆ ಕೇಳುವ ಯೋಗ್ಯತೆ ನನಗಿತ್ತೇ ಎಂಬುದು ಬೇರೆ ಮಾತು. 1987ರಲ್ಲಿ ‘ಪ್ರೇಮಲೋಕ’ದ ಕ್ಯಾಸೆಟ್ಟು ಬಂದಾಗ ನಾನು ಬಿ.ಎಸ್ಸಿ. ವಿದ್ಯಾರ್ಥಿ. ರವಿಚಂದ್ರನ್ ಸಿನಿಮಾ, ಹಂಸಲೇಖರ ಹಾಡುಗಳು. ಗುಂಡ್ಲುಪೇಟೆಯ ಕಾಫಿ ಹೋಟೆಲಿನಿಂದ ಚಾಮರಾಜನಗರದ ಬಸ್‌ಸ್ಟ್ಯಾಂಡಿನವರೆಗೆ ಎಲ್ಲಿ ಹೋದರೂ ಅದೇ. ಮಾತಾಡಬೇಕಾದ ಕಡೆಯೂ ಹಾಡುತ್ತಾರಲ್ಲ ಎಂಬುದೇ ನಮಗೆ ರೋಮಾಂಚನ. ಊಟದ ದುಡ್ಡು ಉಳಿಸಿ ಕ್ಯಾಸೆಟ್ಟು ಕೊಂಡೆ. ಅದು ಸಿಕ್ಕಿಹಾಕಿಕೊಂಡು ಕರುಳಿನ ಹಾಗೆ ಹೊರಬಂದಾಗ ಆರು ಮೂಲೆಯ ಪೆನ್ಸಿಲು ತೂರಿಸಿ ತಿರುಗಿಸಿ ತಿರುಗಿಸಿ ಸುತ್ತಿದೆ. ಸೆಕೆಂಡಿಗೆ 4.76 ಸೆಂಟಿಮೀಟರು ಓಡುವ ಟೇಪು. ಒಂದು ಮಗ್ಗುಲು ಅರ್ಧ ಗಂಟೆಯಾದರೆ ಉದ್ದ ಸುಮಾರು 86 ಮೀಟರು. ಈ ಲೆಕ್ಕವನ್ನು ನನಗೆ ಯಾವ ಪ್ರಾಧ್ಯಾಪಕರೂ ಹೇಳಿಕೊಡಲಿಲ್ಲ. ಕಬ್ಬಿಣದ ಆಕ್ಸೈಡಿನ ಪುಡಿ ಕಾಂತವಾಗಿ ನಿಂತು ಒಂದು ದನಿಯನ್ನು ನೆನಪಿಟ್ಟುಕೊಳ್ಳುತ್ತದೆ ಎಂಬುದೂ, ವಿದ್ಯುತ್ಕಾಂತತೆ ಎಂಬ ಪಾಠಕ್ಕೆ ಜೀವವಿದೆ ಎಂಬುದೂ ಆ ಕ್ಯಾಸೆಟ್ಟಿನಿಂದಲೇ ನನ್ನ ತಲೆಗೆ ಹೋದದ್ದು.

ನಮ್ಮ ತಂದೆ ದರ್ಜಿ. ಅವರಿಗೆ ‘ಪ್ರೇಮಲೋಕ’ದ ಮೊದಲ ಹಾಡು ಮುಗಿಯುವಷ್ಟರಲ್ಲಿ ತಲೆನೋವು. “ಇದೂ ಒಂದು ಹಾಡಾ? ಕೂಗಾಟ” ಎನ್ನುವರು. ಅವರ ಹೊಲಿಗೆ ಯಂತ್ರದ ಮೇಲೆ ರಾಜ್‌ಕುಮಾರರ ಪಟವಿತ್ತು. ಗಾಜನೂರು ತಮಿಳುನಾಡಿಗೆ ಸೇರಿದ್ದರೂ ನಮ್ಮ ಸೀಮೆಯವರ ಲೆಕ್ಕದಲ್ಲಿ ಅದು ಪಕ್ಕದ ಮನೆಯೇ ಅಲ್ಲವೆ? 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂದಾಗ ಇವರು ಹದಿನಾಲ್ಕರ ಹುಡುಗ. ಟೆಂಟಿನಲ್ಲಿ ಕದ್ದು ಎರಡು ಸಲ ನೋಡಿ ನಮ್ಮ ತಾತನಿಂದ ಹುಣಸೆ ಬರಲಿನ ಪೆಟ್ಟು ತಿಂದಿದ್ದರು. ಆ ಕಥೆಯನ್ನು ಅವರೇ ನಗುತ್ತ ಹೇಳುತ್ತಿದ್ದರು. ಹೇಳಿ ಮುಗಿಸಿ ನನ್ನ ಟೇಪ್‌ರೆಕಾರ್ಡರ್ ಆರಿಸುತ್ತಿದ್ದರು.

ಹುಡುಗನ ವಿಷಯಕ್ಕೆ ಬರುತ್ತೇನೆ. ಪುಸ್ತಕ ಕಿತ್ತುಕೊಂಡು ಸುಮ್ಮನಾಗಿದ್ದರೆ ಆಗುತ್ತಿತ್ತು. ನಾನು ಅವನ ತಂದೆಯನ್ನು ಕರೆಸಿದೆ. ಎಳೆಯ ಮೇಷ್ಟರ ಉತ್ಸಾಹ ಎನ್ನಿ. ಹೊಲದ ಕೆಲಸ ಬಿಟ್ಟು ಬಂದ ಆ ಮನುಷ್ಯ ಮಗನ ಚೀಲ ಕೊಡವಿದರು. ಒಂದು ಇನ್ನೂರು ಪುಟದ ನೋಟ್‌ಬುಕ್ಕು ಬಿತ್ತು. ತುಂಬ ಚಿತ್ರ, ಚೌಕಚೌಕವಾಗಿ. ಅವನೇ ಕಟ್ಟಿದ ಕಥೆ. ಬಂಡೀಪುರದ ಕಾಡು, ಗೋಪಾಲಸ್ವಾಮಿ ಬೆಟ್ಟದ ಮಂಜು, ಆನೆಗಳ ನಡುವೆ ಡಿಂಗ. ನನಗೆ ಕಂಡದ್ದು ನಾಲ್ಕೈದು ಪುಟ ಮಾತ್ರ. ಅಷ್ಟರಲ್ಲಿ ಅವರು ಅದನ್ನು ನಡುವೆ ಸೀಳಿ, ಮತ್ತೆ ಅಡ್ಡಕ್ಕೆ ಸೀಳಿ, ಶಾಲೆಯ ಬಾಗಿಲಲ್ಲೇ ಎಸೆದರು. ಬೇಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ಕರೆಸಿದವನು ನಾನೇ ತಾನೆ. ‘ಬಾಲಮಂಗಳ’ ನನ್ನ ಮೇಜಿನ ಖಾನೆಯಲ್ಲಿ ಉಳಿಯಿತು. ವರ್ಷದ ಕೊನೆಗೆ ಹಿಂದಿರುಗಿಸೋಣವೆಂದುಕೊಂಡೆ. ಹುಡುಗ ಎಸ್.ಎಸ್.ಎಲ್.ಸಿ.ಯಲ್ಲಿ ವಿಜ್ಞಾನಕ್ಕೇ ಫೇಲಾದ, ಮತ್ತೆ ಶಾಲೆಯ ಕಡೆ ಬರಲಿಲ್ಲ. ಅದಕ್ಕೆ ಇದೇ ಕಾರಣವೆನ್ನಲು ನನ್ನ ಬಳಿ ಪುರಾವೆಯಿಲ್ಲ. ಅಲ್ಲವೆನ್ನಲೂ ಇಲ್ಲ.

ಈಗಲೂ ತರಗತಿಯಲ್ಲಿ ಮೊಬೈಲು ಕಂಡರೆ ಕಿತ್ತಿಡುತ್ತೇನೆ. ಪಾಠದ ಹೊತ್ತಿನಲ್ಲಿ ಪಾಠ. ಆದರೆ ಸಂಜೆ ಗಂಟೆ ಹೊಡೆದೊಡನೆ ಕೈಗೆ ಕೊಟ್ಟುಬಿಡುತ್ತೇನೆ, ಮನೆಗೆ ಹೇಳಿ ಕಳಿಸುವುದಿಲ್ಲ.

ವಿಚಾರಿಸಿದಾಗ ಅವನು ಗುಂಡ್ಲುಪೇಟೆಯಲ್ಲೇ ಇದ್ದಾನೆಂದು ತಿಳಿಯಿತು. ಮೊದಲು ಬೋರ್ಡು ಬರೆಯುತ್ತಿದ್ದನಂತೆ. ಫ್ಲೆಕ್ಸು ಬಂದ ಮೇಲೆ ಕುಂಚ ಬಿಟ್ಟು ಕಂಪ್ಯೂಟರು ಹಿಡಿದ. ಕಳೆದ ವಾರ ಚಾಮರಾಜನಗರದಿಂದ ತೆರಕಣಾಂಬಿ ಮೇಲಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಕೂಡಿಸಿಕೊಂಡೆ. ಅಂಗಡಿಯಲ್ಲಿ ಎಲ್ಲವೂ ಮರೆತುಹೋಯಿತು. ಪುಸ್ತಕ ಮುಂದೆ ಇಟ್ಟೆ, ಅಷ್ಟೆ.

ಅವನು ಪುಟ ತಿರುವಿದ. ತುಂಬ ಹೊತ್ತು ನೋಡಿದ. “ಕೈ ಉದ್ದ ಆಗೋಗದ ಸಾ” ಎಂದ. ಕಾಫಿ ತರಿಸಿದ. ನೋಟ್‌ಬುಕ್ಕಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆಮೇಲೆ ದನಿ ತಗ್ಗಿಸಿ, “ನೀವು ಬಂದದ್ದು ಒಳ್ಳೇದಾಯ್ತು ಸಾ. ಮಗಳು ಒಂಬತ್ತನೇ ಕ್ಲಾಸು. ಹೊತ್ತಾರೆ ಸಂಜೆ ಕಿವಿಗೆ ವೈರು, ಇಲ್ಲಾಂದ್ರೆ ಅದ್ಯಾವುದೋ ಜಪಾನಿನ ಚಿತ್ರದ ಕಥೆ. ನೀವೊಂದು ಮಾತು ಹೇಳ್ಬುಡಿ, ಫೋನು ಕಿತ್ತು ಮಡಗ್ತೀನಿ” ಎಂದ.

ಹುಡುಗಿ ಒಳಗಿನಿಂದ ಬಂದಳು. ಏನು ಕೇಳುತ್ತಿದ್ದೀಯೆಂದೆ. ಹೊಸ ಹಾಡು ಸಾರ್ ಎಂದು ಒಂದು ವೈರನ್ನು ನನ್ನ ಕಿವಿಗೆ ಕೊಟ್ಟಳು. ‘ಸೋಜುಗಾದ ಸೂಜುಮಲ್ಲಿಗೆ’! 2021ರ ‘ಗರುಡ ಗಮನ ವೃಷಭ ವಾಹನ’ದಲ್ಲಿ ಚೈತ್ರಾ ಆಚಾರ್ ಹಾಡಿದ್ದು. ನಾನು ಅದನ್ನು ಮೊದಲು ಕೇಳಿದ್ದು ನಮ್ಮೂರ ಜಗಲಿಯ ಮೇಲೆ, ಮಾದಪ್ಪನ ಬೆಟ್ಟಕ್ಕೆ ನಡೆದು ಹೊರಟವರ ಬಾಯಲ್ಲಿ, ಕಂಸಾಳೆಯ ಸದ್ದಿನ ಜೊತೆ. ಆಗ ನನಗೆ ಏಳೋ ಎಂಟೋ ವರ್ಷ. ಇದು ಹಳೆಯದು ಎನ್ನಲು ಬಾಯಿ ತೆರೆದವನು, ಆ ಮಗುವಿನ ಮುಖ ನೋಡಿ, ಪೂರ್ತಿ ಕೇಳಿದೆ.

“ಚಿತ್ರದ ಕಥೆ ತೋರಿಸು” ಎಂದೆ. ‘ಒನ್ ಪೀಸ್’ ಅಂತೆ. 1997ರಿಂದ ಐಚಿರೋ ಓಡಾ ಎಂಬವರು ಬರೆಯುತ್ತಲೇ ಇದ್ದಾರಂತೆ; ಅಂದರೆ ಅವಳಪ್ಪ ಶಾಲೆ ಬಿಟ್ಟ ಕಾಲದಿಂದ. ಕನ್ನಡಕ ಏರಿಸಿ ಓದತೊಡಗಿದೆ. ಒಬ್ಬ ಹೊಡೆತ ತಿಂದು ಬಿದ್ದ, ಆಮೇಲೆ ಇನ್ನೊಬ್ಬ ಕೈ ಎತ್ತಿದ. ತಲೆಬುಡ ತಿಳಿಯಲಿಲ್ಲ. ಅವಳಪ್ಪನೂ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ.

“ಸಾರ್, ಎಡದಿಂದ ಅಲ್ಲ, ಬಲದಿಂದ ಓದಬೇಕು,” ಎಂದಳು ಹುಡುಗಿ, “ನೀವು ಮುಗಿಯೋ ಕಡೆಯಿಂದ ಶುರು ಮಾಡಿದ್ದೀರಿ.”